ಮುರಿದ ಶಾಫ್ಟ್ ಅಂಗಡಿಯಲ್ಲೇ ಇದೆ, ಓದೋಕೆ ಎಲ್ಲಿಗೆ ಹೋಗಬೇಕು?

ಕಾರಟಗಿ ಲೇತ್
ಎಲ್ಲರಿಗೂ ನಮಸ್ಕಾರ. ಬಳ್ಳಾರಿಯಲ್ಲಿ ಮೆಕ್ಯಾನಿಕಲ್ ಏಳನೇ ಸೆಮ್ ಓದುತ್ತಿದ್ದೇನೆ. ಊರು ಕಾರಟಗಿ. ಅಪ್ಪನದು ಲೇತ್ ಅಂಗಡಿ. ಸುತ್ತ ಎಲ್ಲಾ ರೈಸ್ ಮಿಲ್ಲು, ಹಾಗಾಗಿ ಸುಗ್ಗಿ ಬಂತು ಅಂದರೆ ಅಂಗಡಿ ಮುಂದೆ ಮುರಿದ ಶಾಫ್ಟು, ಸವೆದ ಪುಲ್ಲಿ ಸಾಲಾಗಿ ಬಿದ್ದಿರುತ್ತವೆ.

ಒಂದು ಮಿಲ್ಲಿನ ಎಲಿವೇಟರ್ ಶಾಫ್ಟ್ ಈ ವರ್ಷ ಮೂರು ಸಲ ಮುರಿದಿದೆ. ಮೊದಲ ಸಲ ಕೀವೇ ಹತ್ತಿರ, ಅಂದರೆ ಪುಲ್ಲಿ ಕೂರಿಸೋಕೆ ಶಾಫ್ಟಿನಲ್ಲಿ ಕಡಿದ ಉದ್ದ ಕಚ್ಚಿನ ಹತ್ತಿರ. ಅಪ್ಪ ವೆಲ್ಡ್ ಹೊಡೆದು, ಲೇತಿಗೆ ಹಾಕಿ ಸರಿ ಮಾಡಿ ಕೊಟ್ಟರು. ಎರಡೇ ವಾರಕ್ಕೆ ವಾಪಸ್ ಬಂತು. ವೆಲ್ಡ್ ಗಟ್ಟಿಯಾಗೇ ಇದೆ, ಅದರ ಪಕ್ಕದಲ್ಲಿ ಮುರಿದಿದೆ! ಮೂರನೇ ಸಲವೂ ಅದೇ ಕಥೆ. ಮಿಲ್ಲಿನವರು ರೇಗಾಡಿದರು. ರಾತ್ರಿ ಊಟಕ್ಕೆ ಕೂತಾಗ ಅಪ್ಪ "ಇಂಜಿನಿಯರಿಂಗ್ ಓದ್ತೀಯಲ್ಲ, ಯಾಕೆ ಮುರೀತು ಹೇಳು" ಅಂದರು. ಸ್ಟ್ರೆಸ್ ಕಾನ್ಸಂಟ್ರೇಷನ್ (ಒಂದೇ ಜಾಗದಲ್ಲಿ ಒತ್ತಡ ಗುಂಪುಗೂಡೋದು) ಬಗ್ಗೆ ಪರೀಕ್ಷೆಯಲ್ಲಿ ಎರಡು ಪುಟ ಬರೆದು ಮಾರ್ಕ್ಸ್ ತಗೊಂಡವನು ನಾನು, ಅವತ್ತು ಬಾಯೇ ಹೊರಡಲಿಲ್ಲ.

ಆವತ್ತಿಂದ ತಲೆಯಲ್ಲಿ ಇದೇ ಕೊರೀತಾ ಇದೆ. ಸಾಲಿಡ್ ಮೆಕ್ಯಾನಿಕ್ಸ್, ಮೆಟೀರಿಯಲ್ಸ್ ಕಡೆ ಮುಂದೆ ಓದಬೇಕು ಅನಿಸಿದೆ. ಆದರೆ ಕೈಯಲ್ಲಿ ಸಾಫ್ಟ್‌ವೇರ್ ಆಫರ್ ಇದೆ, ಮನೆಯಲ್ಲಿ ಸಾಲವೂ ಇದೆ. ಈ ವಿಷಯದಲ್ಲಿ ನಿಜವಾಗಿ ಕೆಲಸ ಇದೆಯಾ? ರಿಸರ್ಚ್ ಅಂದರೆ ಏನು ಮಾಡುತ್ತಾರೆ? ಗೊತ್ತಿದ್ದವರು ಸ್ವಲ್ಪ ಹೇಳಿ.

ಕೋಡ್ ಕುರುಗೋಡು
ತಮ್ಮ, ಆಫರ್ ತಗೋ. ನಾನೂ ಮೆಕ್ಯಾನಿಕಲ್ಲೇ. ಎಂಟೆಕ್ ಸ್ಟೈಪೆಂಡ್ ತಿಂಗಳಿಗೆ 12,400. ಬೆಂಗಳೂರಲ್ಲಿ ಹಾಸ್ಟೆಲ್ ಸಿಗದಿದ್ದರೆ ಪಿಜಿಗೇ ಹೆಚ್ಚುಕಮ್ಮಿ ಮುಗೀತು. ಪಿಎಚ್‌ಡಿ ಅಂದರೆ ಐದು ವರ್ಷ. ಅಷ್ಟರಲ್ಲಿ ನಿನ್ನ ಜೊತೆಯವರು ಮನೆ ಕಟ್ಟಿಸಿ ಗೃಹಪ್ರವೇಶದ ಊಟಕ್ಕೆ ನಿನ್ನ ಕರೆದಿರುತ್ತಾರೆ.

ಬಿ ಶಿಫ್ಟ್
ಕುರುಗೋಡು ಅಣ್ಣ, ದಿನಾ ರಾತ್ರಿ ಇಲ್ಲಿಗೆ ಬಂದು ಮೆಕ್ಯಾನಿಕಲ್ ಪೋಸ್ಟ್ ಎಲ್ಲಾ ಓದೋದು ನೀವೇ ಅಲ್ವಾ 😄

ತೋರಣಗಲ್ಲು ಕಡೆ ಒಂದು ಸ್ಟೀಲ್ ಪ್ಲಾಂಟಿನಲ್ಲಿ ಇದ್ದೇನೆ, ಕ್ವಾಲಿಟಿ ವಿಭಾಗ. ಸುಳ್ಳು ಹೇಳಲ್ಲ, ಇಲ್ಲಿ ಸೇರಿದ ಮೊದಲ ಎರಡು ವರ್ಷ ಓದಿದ್ದಕ್ಕೂ ಮಾಡೋದಕ್ಕೂ ಸಂಬಂಧ ಕಡಿಮೆ. ಶಿಫ್ಟು, ಲಾಗ್‌ಬುಕ್ಕು, ಬೆಳಿಗ್ಗೆ ಮೀಟಿಂಗು. ಆದರೆ ಸ್ಯಾಂಪಲ್ ರೂಮಿಗೆ ಒಂದು ಸಲ ಬಂದು ನೋಡಬೇಕು. ಟಿಎಂಟಿ ಕಂಬಿಯನ್ನು ಅಡ್ಡ ಕೊಯ್ದು, ಉಜ್ಜಿ ಕನ್ನಡಿ ಮಾಡಿ, ಆಸಿಡ್ ಹಚ್ಚಿದರೆ ಅಂಚಿನಲ್ಲಿ ಸುತ್ತ ಕಪ್ಪು ಉಂಗುರ ಏಳುತ್ತದೆ. ಅದು ಮಾರ್ಟೆನ್‌ಸೈಟ್, ಉಕ್ಕು ಗಬಕ್ಕನೆ ತಣ್ಣಗಾದಾಗ ಆಗೋ ರೂಪ, ಗಟ್ಟಿ. ಒಳಗಿನ ತಿರುಳು ಫೆರೈಟ್, ಪರ್ಲೈಟ್, ಮೆತ್ತಗೆ. ರೋಲಿಂಗ್ ಮಿಲ್ಲಿಂದ ಕೆಂಪಗೆ ಬರೋ ಕಂಬಿಗೆ ನೀರು ಹೊಡೆದು ಮೈ ಗಟ್ಟಿ ಮಾಡುತ್ತಾರೆ, ಆಮೇಲೆ ಒಳಗಿನ ಬಿಸಿಯೇ ಹೊರಗೆ ಬಂದು ಆ ಗಟ್ಟಿ ಮೈಯನ್ನು ಹದ ಮಾಡುತ್ತದೆ. ನಮ್ಮ ಮಿರ್ಚಿ ಬಜಿ ಇದ್ದ ಹಾಗೆ, ಮೇಲೆ ಗರಿ, ಒಳಗೆ ಮೆತ್ತಗೆ. ಎಫ್‌ಇ 500ಡಿ ಅಂತ ಕಂಬಿ ಮೇಲೆ ಇರುತ್ತಲ್ಲ, ಆ 500 ಅಂದರೆ ಕನಿಷ್ಠ 500 ಮೆಗಾಪ್ಯಾಸ್ಕಲ್ ಯೀಲ್ಡ್, ಅಷ್ಟು ಸ್ಟ್ರೆಸ್ ತನಕ ಕಂಬಿ ಶಾಶ್ವತವಾಗಿ ಹಿಗ್ಗಲ್ಲ ಅಂತ. ಉಂಗುರ ಒಂದು ಕಡೆ ದಪ್ಪ ಒಂದು ಕಡೆ ತೆಳ್ಳಗೆ ಬಂತು ಅಂದರೆ ನೀರಿನ ನಾಝಲ್ ಕಟ್ಟಿದೆ ಅಂತ ನಾವು ಕೂತಲ್ಲೇ ಹೇಳಬಹುದು. ನನಗೆ ಈ ಕೆಲಸ ಇಷ್ಟ ಆಗಿದ್ದು ಆವತ್ತೇ.

ನೈಟಲ್
ತಮ್ಮ, ಕೆಲಸ, ಕೆರಿಯರ್ ಆಮೇಲೆ ಮಾತಾಡೋಣ. ಆ ಶಾಫ್ಟ್ ತುಂಡುಗಳು ಇನ್ನೂ ಇವೆಯಾ? ಗುಜರಿಗೆ ಹಾಕಬೇಡ. ವೈರ್ ಬ್ರಶ್ ಹಾಕಬೇಡ. ಎಲ್ಲಕ್ಕಿಂತ ಮುಖ್ಯ, ಎರಡು ತುಂಡು ಸೇರಿಸಿ "ಸರಿಯಾಗಿ ಕೂರುತ್ತಾ" ಅಂತ ನೋಡಬೇಡ. ಎಲ್ಲರೂ ಮೊದಲು ಮಾಡೋ ತಪ್ಪು ಅದೇ, ಮುರಿದ ಮುಖಗಳು ಒಂದಕ್ಕೊಂದು ಉಜ್ಜಿ ಗುರುತೆಲ್ಲ ಹೋಗುತ್ತದೆ. ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು, ಟಾರ್ಚ್ ಬೆಳಕು ಓರೆಯಾಗಿ ಬಿಟ್ಟು ನೋಡು. ಏನು ಕಾಣುತ್ತದೋ ಬರಿ. ಪುಸ್ತಕದ ಪದ ಬೇಡ, ಕಂಡದ್ದು ಕಂಡ ಹಾಗೆ.

(ನಾನು ಸಿಂಧನೂರಿನವಳು, ಬೆಂಗಳೂರಲ್ಲಿ ಪಿಎಚ್‌ಡಿ, ನಾಲ್ಕನೇ ವರ್ಷ.)

ಮುನಿರಾಬಾದ್ ಕಾಲುವೆ
ನಮ್ಮ ತುಂಗಭದ್ರಾ ಡ್ಯಾಮಿನ ಚೈನೂ ಫಟೀಗ್‌ನಿಂದಲೇ, ಅಂದರೆ ಮತ್ತೆ ಮತ್ತೆ ಲೋಡು ಬಿದ್ದು ನಿಧಾನಕ್ಕೆ ಬಿರುಕು ಬೆಳೆದು, ಕಡಿದಿದ್ದಾ ಅಕ್ಕ? 2024ರ ಆಗಸ್ಟ್ 10ರ ರಾತ್ರಿ, 19ನೇ ಗೇಟು.

ನೈಟಲ್
ಟಿವಿಯಲ್ಲಿ ನೋಡಿ ನಾನು ಕಾರಣ ಹೇಳಲ್ಲ ಅಣ್ಣ. ಚೈನಿನ ಲಿಂಕ್ ಕಡಿದು ಗೇಟು ಕೊಚ್ಚಿಹೋಯಿತು, ಅಷ್ಟು ಎಲ್ಲರಿಗೂ ಗೊತ್ತು. ತುಕ್ಕಾ, ಸವೆತವಾ, ಹಳೇ ಬಿರುಕಾ ಅನ್ನೋದನ್ನು ಮುರಿದ ಮುಖವನ್ನು ಮೈಕ್ರೋಸ್ಕೋಪ್ ಕೆಳಗೆ ಇಟ್ಟವರು ಮಾತ್ರ ಹೇಳಬೇಕು. ಆದರೆ ಒಂದು ಮಾತು. 33 ಗೇಟಿನಲ್ಲಿ ಒಂದು ಗೇಟಿನ ಒಂದು ಲಿಂಕ್ ಹೋದದ್ದಕ್ಕೆ, ಸ್ಟಾಪ್‌ಲಾಗ್ (ನೀರು ನಿಲ್ಲಿಸೋ ತಾತ್ಕಾಲಿಕ ತಡೆ) ಇಳಿಸೋ ತನಕ ಒಂದು ವಾರ ನಾಲ್ಕು ಜಿಲ್ಲೆಯ ರೈತರಿಗೆ ನಿದ್ದೆ ಇರಲಿಲ್ಲ. ನಮ್ಮ ಅಪ್ಪ ದಿನಕ್ಕೆ ಹತ್ತು ಸಲ ಫೋನ್ ಮಾಡಿ "ನೀನು ಇದನ್ನೇ ಅಲ್ವಾ ಓದೋದು" ಅಂತ ಕೇಳಿದರು. ನಾಲ್ಕು ವರ್ಷದಲ್ಲಿ ನನ್ನ ಓದು ಅವರಿಗೆ ಅರ್ಥ ಆಗಿದ್ದು ಆ ವಾರ ಮಾತ್ರ.

ಬಾಯ್ಲರ್ ರಾಯರು
ನಿವೃತ್ತ ಮನುಷ್ಯ, ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾಗಬೇಡಿ. ಥರ್ಮಲ್ ಪ್ಲಾಂಟಿನಲ್ಲಿ ಮೂವತ್ತು ವರ್ಷ ಬಾಯ್ಲರ್ ಮೇಂಟೆನೆನ್ಸ್. ರಾಯಚೂರಿನ ಬಿಸಿಲಲ್ಲಿ ಬಾಯ್ಲರ್ ಒಳಗೆ ಇಳಿದವನಿಗೆ ನರಕದ ಭಯ ಇರಲ್ಲ.

ಟ್ಯೂಬ್ ಲೀಕೇಜ್ ಅಂತ ಯೂನಿಟ್ ನಿಂತರೆ ತಣ್ಣಗಾಗಲು ಬಿಟ್ಟು ಒಳಗೆ ಹೋಗಿ ಮೊದಲು ಒಡೆದ ಜಾಗದ ತುಟಿ ನೋಡುತ್ತಿದ್ದೆವು. ಮೀನು ಬಾಯಿ ತೆರೆದ ಹಾಗೆ ಅಗಲವಾಗಿ ಒಡೆದು, ಅಂಚು ಚಾಕುವಿನಂತೆ ತೆಳ್ಳಗಾಗಿದ್ದರೆ, ಥಟ್ ಅಂತ ವಿಪರೀತ ಬಿಸಿಯಾಗಿದೆ, ನೀರು ಅಥವಾ ಸ್ಟೀಮ್ ಎಲ್ಲೋ ಕಟ್ಟಿಕೊಂಡಿದೆ ಅಂತ ಅರ್ಥ. ಅಂಚು ದಪ್ಪಗಿದ್ದು, ಉದ್ದಕ್ಕೆ ಸೀಳಿದ್ದರೆ ಅದು ಕ್ರೀಪ್. ವರ್ಷಗಟ್ಟಲೆ ಐನೂರು ಚಿಲ್ಲರೆ ಡಿಗ್ರಿಯಲ್ಲಿ, ಒತ್ತಡದಲ್ಲಿ ಕೂತ ಲೋಹ ನಿಧಾನಕ್ಕೆ ಹಿಗ್ಗಿ, ಒಳಗೆ ಸಣ್ಣ ಸಣ್ಣ ತೂತು ಬಿದ್ದು, ಅವು ಒಂದಕ್ಕೊಂದು ಸೇರಿ ಒಂದು ದಿನ ಸೀಳುತ್ತದೆ. ಹೊರಗಿಂದ ಸವೆದಿದ್ದರೆ ಬೂದಿ ಉಜ್ಜಿದೆ. ನಮ್ಮ ದೇಶದ ಕಲ್ಲಿದ್ದಲಲ್ಲಿ ಬೂದಿ ಜಾಸ್ತಿ, ಆ ಬೂದಿಯಲ್ಲಿ ಮರಳಿನ ಅಂಶವೂ ಜಾಸ್ತಿ, ಟ್ಯೂಬಿಗೆ ಅದು ಉಪ್ಪುಕಾಗದ.

ಇದನ್ನೆಲ್ಲ ಹಿರಿಯರಿಂದ ಕೇಳಿ ಕಲಿತೆವು. ಯಾಕೆ ಅಂತ ಪೂರ್ತಿ ಗೊತ್ತಿರಲಿಲ್ಲ. ಈಗಿನ ಹುಡುಗರಿಗೆ ಇಲ್ಲಿ ದೊಡ್ಡ ಕೆಲಸ ಇದೆ. ಶಕ್ತಿನಗರದಲ್ಲಿ 210 ಮೆಗಾವ್ಯಾಟಿನ ಹಳೆಯ ಯೂನಿಟ್‌ಗಳು, ಯರಮರಸ್‌ನಲ್ಲಿ 800 ಮೆಗಾವ್ಯಾಟಿನ ಎರಡು ಸೂಪರ್‌ಕ್ರಿಟಿಕಲ್ ಯೂನಿಟ್, ಕುಡಿತಿನಿಯಲ್ಲಿ ಮತ್ತೊಂದು ಸ್ಟೇಷನ್. ಹಳೆಯ ಪೈಪು ಇನ್ನೆಷ್ಟು ವರ್ಷ ಬಾಳುತ್ತದೆ ಅಂತ ಹೇಳೋದೇ ಒಂದು ವೃತ್ತಿ. ರಿಮೇನಿಂಗ್ ಲೈಫ್ ಅಸೆಸ್‌ಮೆಂಟ್ ಅನ್ನುತ್ತಾರೆ. ಎನ್‌ಡಿಟಿ (ಭಾಗವನ್ನು ಕೆಡಿಸದೇ ಮಾಡೋ ಪರೀಕ್ಷೆ) ಲೆವೆಲ್ 2 ಸರ್ಟಿಫಿಕೇಟ್ ಇದ್ದರೆ ಡಿಪ್ಲೊಮಾದವರೂ ಇದರೊಳಗೆ ಬರಬಹುದು. ಇನ್ನು, ರಾಜ್ಯ ಸರ್ಕಾರದ ಹುದ್ದೆಗಳಲ್ಲಿ ನಮ್ಮ ಕಲ್ಯಾಣ ಕರ್ನಾಟಕ ಭಾಗದವರಿಗೆ 371ಜೆ ಮೀಸಲಾತಿ ಇದೆ, ಸರ್ಟಿಫಿಕೇಟ್ ಮಾಡಿಸದೇ ಕೂತ ಹುಡುಗರನ್ನು ಎಷ್ಟೋ ಜನ ನೋಡಿದ್ದೇನೆ. ಮೊದಲು ಅದನ್ನು ಮಾಡಿಸಿಕೋ ಮಗಾ.

ಕಾರಟಗಿ ಲೇತ್
ರಾಯರೇ, 371ಜೆ ಪಿಯುಸಿ ಮುಗಿದಾಗಲೇ ಮಾಡಿಸಿದ್ದೇನೆ. ಥ್ಯಾಂಕ್ಸ್ ಸರ್.

ಅಕ್ಕ, ನೋಡಿದೆ. ಪುಣ್ಯಕ್ಕೆ ಮೊದಲ ಸಲದ ಒಂದು ತುಂಡೂ ಸಿಕ್ಕಿತು, ಅಪ್ಪ ಬಾಗಿಲಿಗೆ ಒತ್ತು ಕೊಡೋಕೆ ಇಟ್ಟುಕೊಂಡಿದ್ದರು.

ಅದರ ಮುಖದಲ್ಲಿ ಕೀವೇಯ ಒಂದು ಮೂಲೆಯಿಂದ ಶುರುವಾಗಿ ಬಾಗಿದ ಗೆರೆಗಳಿವೆ, ಒಂದರ ಹಿಂದೆ ಒಂದು. ಕೆರೆ ನೀರು ಇಳಿದಾಗ ದಂಡೆ ಮೇಲೆ ಗೆರೆ ಉಳಿಯುತ್ತಲ್ಲ, ಹಾಗೆ. ಆ ಭಾಗ ನುಣ್ಣಗಿದೆ. ಎದುರು ಬದಿಯಲ್ಲಿ ಕಾಲು ಭಾಗಕ್ಕಿಂತ ಕಡಿಮೆ ಜಾಗ ಮಾತ್ರ ಒರಟು.

ಎರಡನೆಯದು ಬೇರೆ ತರಹ. ವೆಲ್ಡಿನ ಪಕ್ಕ, ಅಂಚಿನಲ್ಲಿ ಒಂದು ಪಟ್ಟಿ ಕಪ್ಪಗೆ ಇದೆ, ಮೊದಲೇ ಬಿರುಕು ಇದ್ದ ಹಾಗೆ. ಉಳಿದದ್ದು ಸಕ್ಕರೆ ಹರಳಿನ ತರಹ ಮಿಣಮಿಣ ಅನ್ನುತ್ತದೆ. ಕೆರೆ ಗೆರೆ ಕಾಣಲಿಲ್ಲ.

ನೈಟಲ್
ನೋಡು, ಅರ್ಧ ಉತ್ತರ ನೀನೇ ಬರೆದುಬಿಟ್ಟೆ.

ಆ ಕೆರೆ ಗೆರೆಗಳಿಗೆ ಬೀಚ್ ಮಾರ್ಕ್ ಅನ್ನುತ್ತಾರೆ. ಸಮುದ್ರ ಕಂಡವರು ಇಟ್ಟ ಹೆಸರು, ನಮಗೆ ಕೆರೆಯೇ ಸರಿ. ಮಿಲ್ಲು ನಿಂತು ಶುರುವಾದಾಗ, ಲೋಡು ಹೆಚ್ಚುಕಮ್ಮಿಯಾದಾಗ ಬಿರುಕು ಎಲ್ಲಿತನಕ ಬಂದಿತ್ತು ಅನ್ನೋದರ ಗುರುತು ಅವು. ಫಟೀಗ್ ಅನ್ನೋದರಲ್ಲಿ ಅನುಮಾನವೇ ಬೇಡ. ಕೊನೆಯಲ್ಲಿ ಒಡೆದ ಒರಟು ಜಾಗ ಸಣ್ಣದು ಅಂದೆ. ಅಂದರೆ ಕಾಲು ಭಾಗ ಲೋಹ ಉಳಿಯೋ ತನಕ ಶಾಫ್ಟ್ ತಡೆದಿದೆ. ಲೋಡು ಅಷ್ಟೇನೂ ಜಾಸ್ತಿ ಇರಲಿಲ್ಲ. ಹಾಗಾಗಿ "ಇನ್ನೂ ದಪ್ಪ ಶಾಫ್ಟ್ ಹಾಕು" ಅನ್ನೋದು ಉತ್ತರ ಅಲ್ಲ. ಕೀವೇ ಮೂಲೆ ಚೂಪಾಗಿ ಕಡಿದಿದ್ದಾರೆ, ಅಲ್ಲಿ ಸ್ಟ್ರೆಸ್ ಗುಂಪುಗೂಡಿದೆ. ಮೂಲೆಗೆ ಸ್ವಲ್ಪ ರೇಡಿಯಸ್ ಕೊಟ್ಟು ದುಂಡಗೆ ಮಾಡಿದ್ದರೆ ಬಹಳ ದಿನ ಬಾಳುತ್ತಿತ್ತು.

ಎರಡನೆಯದಕ್ಕೆ ಪ್ರಶ್ನೆ. ಶಾಫ್ಟ್ ಯಾವ ಮಾಲು? ವೆಲ್ಡ್‌ಗೆ ಮುಂಚೆ ಕಾಯಿಸಿದ್ದರಾ? ಆಮೇಲೆ ಹೇಗೆ ತಣ್ಣಗಾಯಿತು?

ಕಾರಟಗಿ ಲೇತ್
ಮಾಲು ಇಎನ್-8. ಕಾಯಿಸಲಿಲ್ಲ, ಮಾಮೂಲಿ ರಾಡಿನಲ್ಲೇ ವೆಲ್ಡ್. ಆಮೇಲೆ... ಮಿಲ್ಲಿನವರು ಅರ್ಜೆಂಟ್ ಮಾಡುತ್ತಿದ್ದರು ಅಂತ ಬಕೆಟ್ ನೀರು ಸುರಿದೆವು. ಸುರಿದದ್ದು ನಾನೇ.

ಬಿ ಶಿಫ್ಟ್
ಅಯ್ಯೋ 😂 ಟಿಎಂಟಿ ಮಾಡಿಬಿಟ್ಟೆಯಲ್ಲೋ!

ನೈಟಲ್
ನಗಬೇಡಿ, ಎಲ್ಲರೂ ಮಾಡುತ್ತಾರೆ. ಇಎನ್-8ನಲ್ಲಿ ಕಾರ್ಬನ್ ಸುಮಾರು 0.4 ಪರ್ಸೆಂಟ್. ವೆಲ್ಡ್ ಪಕ್ಕದ ಲೋಹ ಕರಗಲ್ಲ, ಆದರೆ ವಿಪರೀತ ಕಾಯುತ್ತದೆ. ಅದು ಗಬಕ್ಕನೆ ತಣ್ಣಗಾದರೆ ಮಾರ್ಟೆನ್‌ಸೈಟ್. ಗಾಜಿನ ಹಾಗೆ, ಗಟ್ಟಿ ಆದರೆ ಪೆಡಸು. ಕಂಬಿಯಲ್ಲಿ ಒಳಗಿನ ಬಿಸಿ ಹೊರಗೆ ಬಂದು ಹದ ಮಾಡುತ್ತದೆ ಅಂತ ಬಿ ಶಿಫ್ಟ್ ಅಣ್ಣ ಹೇಳಿದರಲ್ಲ, ಇಲ್ಲಿ ಆ ಹದವೂ ಇಲ್ಲ, ಕಾರ್ಬನ್ನೂ ಜಾಸ್ತಿ. ಮೇಲೆ ಹಸಿ ರಾಡಿನಿಂದ ಹೈಡ್ರೋಜನ್ ಒಳಗೆ ಸೇರಿದರೆ ಗಂಟೆಗಳ ನಂತರ, ಕೆಲವೊಮ್ಮೆ ಮಾರನೇ ದಿನ, ಯಾರೂ ಮುಟ್ಟದೇ ಬಿರುಕು ಬಿಡುತ್ತದೆ. ನೀನು ಕಂಡ ಕಪ್ಪು ಪಟ್ಟಿ ಅದೇ ಇರಬಹುದು. ಲೋ-ಹೈಡ್ರೋಜನ್ ರಾಡು, 7018 ಅನ್ನುತ್ತಾರೆ, ಓವನ್ನಲ್ಲಿ ಒಣಗಿಸಿ, ಶಾಫ್ಟನ್ನು ಇನ್ನೂರು ಡಿಗ್ರಿ ಆಸುಪಾಸು ಕಾಯಿಸಿ ವೆಲ್ಡ್ ಮಾಡಿ, ನಿಧಾನಕ್ಕೆ ತಣಿಸಬೇಕು. ಅದಕ್ಕಿಂತ ಹೊಸ ಶಾಫ್ಟ್ ಮಾಡೋದೇ ವಾಸಿ.

ಗಂಗಾವತಿ ಹೊಟ್ಟು
ನಾವು ಮಿಲ್ಲಿನವರೇ, ಬೈಸಿಕೊಳ್ಳೋ ಪಾರ್ಟಿ. ನಮ್ಮಲ್ಲಿ ಒಬ್ಬ ಅಜ್ಜ ವೆಲ್ಡರ್ ಇದ್ದ, ವೆಲ್ಡ್ ಆದ ಕೂಡಲೇ ಬಿಸಿ ಶಾಫ್ಟನ್ನು ಹೊಟ್ಟಿನ ಬೂದಿ ಗುಡ್ಡೆಯಲ್ಲಿ ಹೂತು ರಾತ್ರಿಯೆಲ್ಲ ಬಿಡುತ್ತಿದ್ದ. ಬೆಳಿಗ್ಗೆ ತೆಗೆದರೂ ಕೈಗೆ ಬೆಚ್ಚಗೆ ತಾಗುತ್ತಿತ್ತು. ಯಾಕೆ ಅಂತ ಕೇಳಿದರೆ "ಬಾಣಂತಿ ಹಂಗ, ಗಾಳಿ ಬಡೀಬಾರದು" ಅಂತಿದ್ದ.

ಬಿ ಶಿಫ್ಟ್
ಅಜ್ಜನಿಗೆ ನಮಸ್ಕಾರ. ಅದೇ ಹೊಟ್ಟಿನ ಬೂದಿಯನ್ನು ಸ್ಟೀಲ್ ಪ್ಲಾಂಟ್‌ಗಳಲ್ಲಿ ಟಂಡಿಶ್ ಅನ್ನೋ ತೊಟ್ಟಿಯಲ್ಲಿರೋ ಕರಗಿದ ಉಕ್ಕಿನ ಮೇಲೆ ಹೊದಿಸುತ್ತಾರೆ, ಬಿಸಿ ಹೋಗದಿರಲಿ ಅಂತ. ಹೆಚ್ಚುಕಮ್ಮಿ ಎಲ್ಲಾ ಸಿಲಿಕಾ, ತೂತು ತೂತು, ಒಳ್ಳೆ ಕಂಬಳಿ.

ಕೋಡ್ ಕುರುಗೋಡು
ಇದೆಲ್ಲ ಚೆನ್ನಾಗಿದೆ, ನಾನೂ ಬಾಯಿ ತೆರೆದು ಓದಿದೆ. ಆದರೆ ಹುಡುಗ ಕೇಳಿದ್ದು ಕೆಲಸ ಇದೆಯಾ ಅಂತ. ಅದಕ್ಕೆ ಯಾರೂ ಉತ್ತರ ಕೊಡಲಿಲ್ಲ.

ನೈಟಲ್
ಕೊಡುತ್ತೇನೆ ಅಣ್ಣ.

ದುಡ್ಡು ಮೊದಲು. ಎಂಟೆಕ್ ಸ್ಟೈಪೆಂಡ್ ಕಡಿಮೆ, ಒಪ್ಪಿದೆ. ಪಿಎಚ್‌ಡಿಗೆ 2023ರಿಂದ ಜೆಆರ್‌ಎಫ್ (ಸಂಶೋಧನಾ ಫೆಲೋಶಿಪ್) ತಿಂಗಳಿಗೆ ಮೊದಲ ಎರಡು ವರ್ಷ 37,000, ಆಮೇಲೆ 42,000, ಹಾಸ್ಟೆಲ್ ಇಲ್ಲದಿದ್ದರೆ ಎಚ್‌ಆರ್‌ಎ ಬೇರೆ. ನಾನು ಮನೆಗೆ ತಿಂಗಳಿಗೆ ಹತ್ತು ಸಾವಿರ ಕಳಿಸುತ್ತೇನೆ. ಐಐಎಸ್‌ಸಿಯಂಥ ಕಡೆ ಬಿಇ ಆದವರು ನೇರವಾಗಿ ಪಿಎಚ್‌ಡಿಗೆ ಅರ್ಜಿ ಹಾಕಬಹುದು, ಎಂಟೆಕ್ ಕಡ್ಡಾಯ ಅಲ್ಲ. ಇದು ನಮ್ಮ ಕಡೆ ಬಹಳ ಜನಕ್ಕೆ ಗೊತ್ತೇ ಇಲ್ಲ.

ಗೇಟ್, ಅಂದರೆ ಎಂಟೆಕ್, ಪಿಎಚ್‌ಡಿಗೆ ಸೇರೋಕೆ ಬರೆಯೋ ಪರೀಕ್ಷೆ. ಮೆಕ್ಯಾನಿಕಲ್‌ಗೆ ಎಂಇ ಪೇಪರ್, ಮೆಟಲರ್ಜಿಗೆ ಎಂಟಿ. ಎಕ್ಸ್‌ಇ ಅಂತ ಇನ್ನೊಂದಿದೆ, ಅದರಲ್ಲಿ ಗಣಿತ ಕಡ್ಡಾಯ, ಜೊತೆಗೆ ಸಾಲಿಡ್ ಮೆಕ್ಯಾನಿಕ್ಸ್, ಮೆಟೀರಿಯಲ್ಸ್ ಸೈನ್ಸ್ ಎರಡನ್ನೇ ಆರಿಸಿಕೊಂಡು ಬರೆಯಬಹುದು, ಒಂದೊಂದಕ್ಕೆ 35 ಮಾರ್ಕ್ಸ್. ನಿನಗೆ ಹೇಳಿ ಮಾಡಿಸಿದ ಹಾಗಿದೆ. ಆದರೆ ಸರ್ಕಾರಿ ಕಂಪನಿಗಳು ಹೆಚ್ಚಾಗಿ ಕೇಳೋದು ಎಂಇ. ಮನೆ ಕಷ್ಟ ಇದೆ ಅಂದೆಯಲ್ಲ, ಎಂಇ ಬರಿ, ಎರಡೂ ಬಾಗಿಲು ತೆರೆದಿರಲಿ. ಸ್ಕೋರು ಮೂರು ವರ್ಷ ನಡೆಯುತ್ತದೆ, ಅಷ್ಟರಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿ ಸಾಲ ತೀರಿಸಿಯೂ ಬರಬಹುದು. ಕುರುಗೋಡು ಅಣ್ಣ, ನಿಮ್ಮ ಮಾತು ಪೂರ್ತಿ ತಳ್ಳಿ ಹಾಕಿಲ್ಲ ನೋಡಿ.

ಜಾಗಗಳು. ಬೆಂಗಳೂರಿನಲ್ಲಿ ವಿಮಾನ, ಎಂಜಿನ್ ಕೆಲಸ ಮಾಡೋ ಎನ್‌ಎಎಲ್, ಜಿಟಿಆರ್‌ಇ, ಎಚ್‌ಎಎಲ್. ವಿದೇಶಿ ವಿಮಾನ ಎಂಜಿನ್ ಕಂಪನಿಗಳ ಡಿಸೈನ್ ಆಫೀಸೂ ಅಲ್ಲೇ ಇವೆ, ಅಲ್ಲಿ ಸ್ಟ್ರೆಸ್ ಇಂಜಿನಿಯರ್ ಅನ್ನೋದೇ ಹುದ್ದೆಯ ಹೆಸರು. ಸುರತ್ಕಲ್ ಎನ್‌ಐಟಿಕೆಯಲ್ಲಿ ಮೆಟಲರ್ಜಿ ವಿಭಾಗ ಇದೆ. ಆದರೆ ರಾಯಚೂರಿನವರು ಮರೆಯೋದು ಹೈದರಾಬಾದನ್ನು. ಲೋಹ, ಮೆಟೀರಿಯಲ್ಸ್ ಕೆಲಸದ ಡಿಎಂಆರ್‌ಎಲ್, ಮಿಧಾನಿ, ಎಆರ್‌ಸಿಐ ಮೂರೂ ಅಲ್ಲೇ. 1973ರಲ್ಲಿ ಸ್ಥಾಪನೆಯಾದ ಮಿಧಾನಿ ಟೈಟಾನಿಯಂ, ಸೂಪರ್ ಅಲಾಯ್ ಮಾಡುತ್ತದೆ. ರಾಯಚೂರಿಂದ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ, ಆದರೂ ಎಲ್ಲರೂ ಬೆಂಗಳೂರು ಬಸ್ಸೇ ಹತ್ತುತ್ತಾರೆ.

ಹೊರದೇಶದಲ್ಲಿ, ಜರ್ಮನಿಯಲ್ಲಿ ಪಿಎಚ್‌ಡಿ ಅಂದರೆ ಬಹುತೇಕ ನೌಕರಿ ಇದ್ದ ಹಾಗೆ, ಜಾಹೀರಾತು ಕೊಟ್ಟು ಸಂಬಳಕ್ಕೆ ತಗೋತಾರೆ. ಡ್ಯುಸೆಲ್ಡಾರ್ಫ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಹೆಸರಲ್ಲಿ ಮೊದಲು "ಕಬ್ಬಿಣ ಸಂಶೋಧನೆ" ಅಂತಿತ್ತು, 2024ರಲ್ಲಿ "ಸುಸ್ಥಿರ ಮೆಟೀರಿಯಲ್ಸ್" ಅಂತ ಬದಲಾಯಿಸಿದರು. ಕಲ್ಲಿದ್ದಲ ಬದಲು ಹೈಡ್ರೋಜನ್ ಹಾಕಿ ಅದಿರಿಂದ ಕಬ್ಬಿಣ ತೆಗೆಯೋದರ ಮೇಲೆ ಅಲ್ಲಿ ದೊಡ್ಡ ಕೆಲಸ ನಡೆಯುತ್ತಿದೆ. ಸಂಡೂರಿನ ಅದಿರು ಕಂಡವರಿಗೆ ಇದು ದೂರದ ವಿಷಯ ಅಲ್ಲ.

ಬಿ ಶಿಫ್ಟ್
ಅದಕ್ಕೆ ಸೇರಿಸುತ್ತೇನೆ. ಟನ್ ಉಕ್ಕಿಗೆ 2.2 ಟನ್‌ಗಿಂತ ಕಡಿಮೆ ಇಂಗಾಲದ ಡೈ ಆಕ್ಸೈಡ್ ಬಿಟ್ಟರೆ ಮಾತ್ರ ಹಸಿರು ಉಕ್ಕು ಅಂತ ಕೇಂದ್ರದ ಉಕ್ಕು ಸಚಿವಾಲಯ 2024ರ ಡಿಸೆಂಬರ್‌ನಲ್ಲಿ ಲೆಕ್ಕ ಕೊಟ್ಟಿದೆ. ಯುರೋಪಿಗೆ ಮಾಲು ಕಳಿಸೋರಿಗೆ ಕಾರ್ಬನ್ ಲೆಕ್ಕದ ತಲೆನೋವು ಬೇರೆ. ಇದು ಬಗೆಹರಿಯಬೇಕಾದರೆ ಮೆಟಲರ್ಜಿ ಗೊತ್ತಿದ್ದವರೇ ಬೇಕು. ಇನ್ನೊಂದು, ಪ್ಲಾಂಟಿಗೆ ಸೇರಿದ ಮೇಲೆ ಓದು ಮುಗೀತು ಅಂತಲ್ಲ. ಐಐಎಸ್‌ಸಿಯಲ್ಲಿ ಕೆಲಸದಲ್ಲಿ ಇರೋರಿಗೇ ಎಕ್ಸ್‌ಟರ್ನಲ್ ರಿಜಿಸ್ಟ್ರೇಷನ್ ಅಂತ ಪಿಎಚ್‌ಡಿ ದಾರಿ ಇದೆ, ಕಂಪನಿ ಒಪ್ಪಬೇಕು ಅಷ್ಟೆ. ಆ "ಅಷ್ಟೆ" ಅನ್ನೋದು ಎಷ್ಟು ದೊಡ್ಡದು ಅಂತ ನನಗೆ ಗೊತ್ತು, ನನ್ನ ಅರ್ಜಿ ಎರಡು ವರ್ಷದಿಂದ ಒಬ್ಬರ ಟೇಬಲ್ ಮೇಲಿದೆ.

ಹಟ್ಟಿ ಶಾಫ್ಟ್
ಶಾಫ್ಟ್ ಅಂದ ಕೂಡಲೇ ಗಣಿ ಶಾಫ್ಟ್ ಅಂದುಕೊಂಡು ಒಳಗೆ ಬಂದೆ 😀 ಬಂದಿದ್ದಕ್ಕೆ ಒಂದು ಮಾತು. ಕಲ್ಲೂ ಸಾಲಿಡ್ಡೇ. ಆಳಕ್ಕೆ ಹೋದಷ್ಟು ಬಂಡೆ ಮೇಲೆ ಭಾರ ಜಾಸ್ತಿ, ಕೊರೆದ ಜಾಗದ ಸುತ್ತ ಸ್ಟ್ರೆಸ್ ಜಾಸ್ತಿ, ತಡೆಯದಿದ್ದರೆ ಬಾಂಬಿನ ಹಾಗೆ ಸಿಡಿಯುತ್ತದೆ. ಕೋಲಾರದ ಗಣಿ ಮೂರು ಕಿಲೋಮೀಟರ್‌ಗಿಂತ ಆಳ ಇತ್ತು, ಅಲ್ಲಿ ರಾಕ್ ಬರ್ಸ್ಟ್ ಮಾಮೂಲಿ. ಅದಕ್ಕೇ 1988ರಲ್ಲಿ ಕೆಜಿಎಫ್‌ನಲ್ಲಿ ರಾಕ್ ಮೆಕ್ಯಾನಿಕ್ಸ್‌ಗೆ ಅಂತಲೇ ರಾಷ್ಟ್ರೀಯ ಸಂಸ್ಥೆ, ಎನ್‌ಐಆರ್‌ಎಂ, ಶುರುವಾಗಿದ್ದು. ಡ್ಯಾಮು, ಸುರಂಗ, ಮೆಟ್ರೋ ಎಲ್ಲಕ್ಕೂ ಅವರು ಬೇಕು. ಮೆಕ್ಯಾನಿಕಲ್ ಹುಡುಗರು ಈ ಕಡೆ ತಿರುಗಿಯೂ ನೋಡಲ್ಲ.

ಕಾರಟಗಿ ಲೇತ್
ಅಕ್ಕ, ರಿಸರ್ಚಿನಲ್ಲಿ ದಿನಾ ಏನು ಮಾಡುತ್ತೀರಿ? ನಿಜ ಹೇಳಿ.

ನೈಟಲ್
ಉಜ್ಜುತ್ತೇನೆ. ಬಟಾಣಿ ಗಾತ್ರದ ಲೋಹದ ತುಂಡನ್ನು ಎಮರಿ ಕಾಗದದ ಮೇಲೆ ಉಜ್ಜಿ, ಒಂದೊಂದು ಕಾಗದಕ್ಕೂ ತೊಂಬತ್ತು ಡಿಗ್ರಿ ತಿರುಗಿಸಿ, ಹಳೇ ಗೀರು ಹೋಗಿದೆಯಾ ನೋಡಿ, ಕೊನೆಗೆ ಮಖಮಲ್ ಬಟ್ಟೆ ಮೇಲೆ ಒಂದು ಮೈಕ್ರಾನ್ ಡೈಮಂಡ್ ಪೇಸ್ಟ್. ಕನ್ನಡಿ ಆದ ಮೇಲೆ ನೈಟಲ್ ಹಚ್ಚಬೇಕು, ಆಲ್ಕೋಹಾಲಿನಲ್ಲಿ ಎರಡು ಪರ್ಸೆಂಟ್ ನೈಟ್ರಿಕ್ ಆಸಿಡ್. ಕೆಲವೇ ಸೆಕೆಂಡ್. ಕಣ್ಣು ಮಿಟುಕಿಸಿದರೆ ಸುಟ್ಟು ಕಪ್ಪಾಗುತ್ತದೆ, ಮತ್ತೆ ಮೊದಲಿಂದ ಎಮರಿ. ಎರಡನೇ ವರ್ಷ ಎಂಟು ತಿಂಗಳು ಫಟೀಗ್ ಟೆಸ್ಟ್ ಮಾಡಿ, ಆಮೇಲೆ ಮಷಿನ್ನಿನ ಗ್ರಿಪ್ ಕೂದಲೆಳೆಯಷ್ಟು ವಾಲಿದೆ ಅಂತ ಗೊತ್ತಾಗಿ ಎಲ್ಲಾ ಡೇಟಾ ಎಸೆದೆ. ಆವತ್ತು ಸಿಂಧನೂರು ಬಸ್ ಹತ್ತಿ ಮನೆಗೆ ಹೋಗಿ ಮೂರು ದಿನ ಮಲಗಿದ್ದೆ. ನಾಲ್ಕನೇ ದಿನ ಅಮ್ಮ ಮದುವೆ ವಿಷಯ ತೆಗೆದರು, ಅದಕ್ಕಿಂತ ಲ್ಯಾಬೇ ವಾಸಿ ಅಂತ ವಾಪಸ್ ಬಂದೆ.

ಉಜ್ಜೋದು ಇಷ್ಟ ಇಲ್ಲದಿದ್ದರೆ ಕಂಪ್ಯೂಟರ್ ದಾರಿ ಇದೆ. ಫೈನೈಟ್ ಎಲಿಮೆಂಟ್, ಅಂದರೆ ಭಾಗವನ್ನು ಸಣ್ಣ ಸಣ್ಣ ತುಂಡಿನ ಬಲೆ (ಮೆಶ್) ಮಾಡಿ ಸ್ಟ್ರೆಸ್ ಲೆಕ್ಕ ಹಾಕೋದು. ಅದಕ್ಕಿರೋ ಸಾಫ್ಟ್‌ವೇರ್‌ನಲ್ಲಿ ಅಬಾಕಸ್ ಲರ್ನಿಂಗ್ ಎಡಿಷನ್ ಫ್ರೀ, ಆದರೆ 1000 ನೋಡ್ (ಬಲೆಯ ಗಂಟು) ಮಾತ್ರ. ಕ್ಯಾಲ್ಕ್ಯುಲಿಕ್ಸ್ ಪೂರ್ತಿ ಫ್ರೀ. ನಿನ್ನ ಕೀವೇಯನ್ನೇ ಅದರಲ್ಲಿ ಮಾಡಿ ನೋಡು, ಚೂಪು ಮೂಲೆ ಒಂದು, ರೇಡಿಯಸ್ ಇಟ್ಟದ್ದು ಒಂದು. ಚೂಪು ಮೂಲೆಯಲ್ಲಿ ಮೆಶ್ ಸಣ್ಣದು ಮಾಡಿದಷ್ಟೂ ಸ್ಟ್ರೆಸ್ ಏರುತ್ತಲೇ ಹೋಗುತ್ತದೆ, ನಿಲ್ಲಲ್ಲ. ಯಾಕೆ ಅಂತ ಯೋಚನೆ ಮಾಡು. 1921ರಲ್ಲಿ ಗ್ರಿಫಿತ್ ಗಾಜು ಒಡೆದು ಕೂತಾಗ ಹೆಚ್ಚುಕಮ್ಮಿ ಇದೇ ಪ್ರಶ್ನೆ ಅವನ ಮುಂದೆ ಇತ್ತು. ಚೂಪಾದ ಬಿರುಕಿನ ತುದಿಯಲ್ಲಿ ಸ್ಟ್ರೆಸ್ ಲೆಕ್ಕವಿಲ್ಲದಷ್ಟು ಏರುತ್ತದೆ ಅನ್ನೋದಾದರೆ ಬಿರುಕಿರೋ ಪ್ರತಿಯೊಂದೂ ಮುಟ್ಟಿದ ಕೂಡಲೇ ಒಡೆಯಬೇಕಲ್ಲ? ಅವನು ಸ್ಟ್ರೆಸ್ ಬಿಟ್ಟು ಶಕ್ತಿಯ ಲೆಕ್ಕ ಹಾಕಿದ. ಫ್ರ್ಯಾಕ್ಚರ್ ಮೆಕ್ಯಾನಿಕ್ಸ್ ಹುಟ್ಟಿದ್ದು ಅಲ್ಲಿಂದ.

ಕೋಡ್ ಕುರುಗೋಡು
ಈ ಕಂಪ್ಯೂಟರ್ ದಾರಿಯಲ್ಲಿ ಕೋಡ್ ಬರೆಯೋರು ಬೇಕಾ? ಸುಮ್ನೆ ಕೇಳಿದೆ.

ನೈಟಲ್
ಬಹಳ ಬೇಕು ಅಣ್ಣ. ನಮ್ಮ ಲ್ಯಾಬಿನಲ್ಲಿ ಪೈಥಾನ್ ಬರೋರಿಗೆ ಚಹಾ ಫ್ರೀ.

ಕಾರಟಗಿ ಲೇತ್
ಹತ್ತು ದಿನ ಆದ ಮೇಲೆ ಬರೆಯುತ್ತಿದ್ದೇನೆ, ಇಂಟರ್ನಲ್ಸ್ ಇದ್ದವು.

ಅಪ್ಪ ಹೊಸ ಶಾಫ್ಟ್ ಮಾಡಿದರು. ಕೀವೇ ಮೂಲೆಗೆ ರೇಡಿಯಸ್ ಬೇಕು ಅಂದಾಗ "ಅಷ್ಟಕ್ಕೆ ಕಟರ್ ಬೇರೆ ಗ್ರೈಂಡ್ ಮಾಡಬೇಕಲ್ಲೋ" ಅಂತ ಬೈದರು, ಆದರೆ ಮಾಡಿದರು. ಮುಗಿಸಿದ ಮೇಲೆ ಮೂಲೆಗೆ ಉಗುರು ಆಡಿಸಿ ನೋಡಿ ಏನೂ ಹೇಳಲಿಲ್ಲ. ಸಾಫ್ಟ್‌ವೇರ್ ಆಫರ್‌ಗೆ ಹೂಂ ಅಂದಿದ್ದೇನೆ, ಗೇಟ್ ಎಂಇಗೂ ಕಟ್ಟುತ್ತಿದ್ದೇನೆ. ಕಾಲೇಜಿನಲ್ಲಿ ಪ್ರಾಜೆಕ್ಟ್‌ಗೆ ಇದೇ ಶಾಫ್ಟ್ ತಗೋತೀನಿ ಅಂದೆ, ಸರ್ ಒಪ್ಪಿದರು. ವೆಲ್ಡಿನಿಂದ ದೂರಕ್ಕೆ ಎರಡೆರಡು ಮಿಲಿಮೀಟರಿಗೆ ಹಾರ್ಡ್‌ನೆಸ್ ತೆಗೆಯೋ ಯೋಚನೆ.

ಅಕ್ಕ, ನಾಳೆ ಆ ಎರಡನೇ ತುಂಡಿನಿಂದ ಸ್ಯಾಂಪಲ್ ಕೊಯ್ಯಬೇಕು. ಕೊಯ್ಯುವಾಗ ನೀರು ಹಾಕಬಹುದಾ, ಅಥವಾ ಅದರಿಂದ ಮತ್ತೆ ಏನಾದರೂ ಬದಲಾಗುತ್ತದಾ? ಭಯ ಆಗಿದೆ ನನಗೆ ನೀರು ಅಂದರೆ.

ನೈಟಲ್
ಧಾರಾಳವಾಗಿ ಹಾಕು. ಹಾಕದಿದ್ದರೇ ಬ್ಲೇಡ್ ಬಿಸಿಗೆ ಮಾರ್ಟೆನ್‌ಸೈಟ್ ಹದವಾಗಿ ನಿನ್ನ ಸಾಕ್ಷಿಯೇ ಅಳಿಸಿ ಹೋಗುತ್ತದೆ. ಈ ಸಲ ಬಕೆಟ್ ಖಾಲಿ ಮಾಡಿದರೂ ಯಾರೂ ಬೈಯಲ್ಲ.